ಕೆಳಗಣ್ಣನ ಹೆಸರಿನ ರಕ್ತ

"ಎರಡನೇ ಹಾಳೆ ಯಾವತ್ತಾದ್ರೂ ತಿರುಗಿಸಿ ನೋಡಿದೀರಾ ಡಾಕ್ಟ್ರೇ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಇನ್ಸ್‌ಪೆಕ್ಟರಿಗೆ ಉತ್ತರ ಗೊತ್ತಿತ್ತು. ಮೇಜಿನ ಮೇಲೆ ಏಳು ರಕ್ತಪರೀಕ್ಷೆಯ ವರದಿಗಳು ಸಾಲಾಗಿ ಬಿದ್ದಿದ್ದವು. ಪ್ರತಿಯೊಂದಕ್ಕೂ ಎರಡು ಹಾಳೆ, ಎಡ ಮೂಲೆಗೆ ಒಂದು ಪಿನ್ನು. ಒಮ್ಮೆ ತಿರುಗಿಸಿದ ಕಾಗದಕ್ಕೆ ಪಿನ್ನಿನ ಬಳಿ ಓರೆಯಾಗಿ ಒಂದು ಮಡಿಕೆ ಬೀಳುತ್ತದೆ. ಇಲ್ಲಿ ಏಳರಲ್ಲಿ ಒಂದಕ್ಕೂ ಮಡಿಕೆ ಇರಲಿಲ್ಲ.

"ನಮಗೆ ಬೇಕಾದ್ದೆಲ್ಲ ಮೊದಲನೇ ಹಾಳೇಲೇ ಇರುತ್ತೆ," ಎಂದರು ಡಾಕ್ಟರು. "ಟೆಸ್ಟೋಸ್ಟೆರೋನ್ ಎಷ್ಟಿದೆ, ರಕ್ತ ಎಷ್ಟು ಗಟ್ಟಿಯಾಗಿದೆ. ಎರಡೂ ಹಸಿರು ಅಕ್ಷರದಲ್ಲಿದ್ರೆ ಮುಂದಿನವರನ್ನ ಕರೀತೀನಿ. ಹೊರಗೆ ನೋಡಿ, ಹನ್ನೊಂದು ಜನ ಕೂತಿದಾರೆ. ಎಲ್ಲರದೂ ಎರಡೆರಡು ಹಾಳೆ ತಿರುಗಿಸ್ತಾ ಕೂತ್ರೆ ನನಗೇ ವಯಸ್ಸಾಗಿಬಿಡುತ್ತೆ."

ತಮ್ಮ ಮಾತಿಗೆ ತಾವೇ ನಕ್ಕರು. ಇನ್ಸ್‌ಪೆಕ್ಟರು ನಗಲಿಲ್ಲ. ನಗಬಾರದೆಂದೇನೂ ಅಲ್ಲ, ನಗು ಬರುವ ಜಾಗದಲ್ಲಿ ಏನೂ ಬರಲಿಲ್ಲ, ಅಷ್ಟೆ.

ಐದು ದಿನದ ಹಿಂದೆ, ಮನೆ ಸಾಮಾನು ಸಾಗಿಸುವ ಕಂಪನಿಯ ಅರವತ್ತೊಂದು ವರ್ಷದ ಆಳು ಕೆಳಗಣ್ಣ ಒಂದು ಮನೆಯ ಮೆಟ್ಟಿಲ ಮೇಲೆ ಕುಸಿದು, ಆಸ್ಪತ್ರೆಯಲ್ಲಿ ಸತ್ತಿದ್ದ. ಅವನಿಗೆ ಎರಡು ವಾರಕ್ಕೊಮ್ಮೆ ಟೆಸ್ಟೋಸ್ಟೆರೋನ್ ಇಂಜೆಕ್ಷನ್ ಕೊಡುತ್ತಿದ್ದ ಈ ಕ್ಲಿನಿಕ್ಕಿನ ನರ್ಸು ಬೆಳಗಿನಿಂದ ಠಾಣೆಯಲ್ಲಿದ್ದಳು.

ಅವಳ ಮೇಲಿನ ಆರೋಪಕ್ಕೆ ಎರಡೇ ಕಾಲು. ಒಂದು, ಔಷಧಿಯ ಕಪಾಟಿನಲ್ಲಿ ಆರು ಸೀಸೆ ಕಡಿಮೆ. ಕೀಲಿ ಅವಳ ಹತ್ತಿರ. ಎರಡು, ರಕ್ತದ ಲೆಕ್ಕ. ಕೆಳಗಣ್ಣನನ್ನು ಆಸ್ಪತ್ರೆಗೆ ಒಯ್ದಾಗ ಇನ್ನೂ ಉಸಿರಿತ್ತು. ಅಲ್ಲಿ ತೆಗೆದ ರಕ್ತದಲ್ಲಿ ನೂರರಲ್ಲಿ ಅರವತ್ತೊಂದು ಪಾಲು ಕೆಂಪು ಕಣಗಳೇ ಇದ್ದವು. ಅಷ್ಟು ಗಟ್ಟಿಯಾದ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶದ ನಾಳಕ್ಕೆ ಅಡ್ಡ ಕೂತಿತ್ತು. ಆದರೆ ಸಾಯುವುದಕ್ಕೆ ಇಪ್ಪತ್ತು ದಿನ ಮೊದಲು ಇದೇ ಕ್ಲಿನಿಕ್ಕಿನ ಕಡತದಲ್ಲಿ ಅದೇ ಲೆಕ್ಕ ನಲವತ್ತಾರು. ಆರೋಗ್ಯವಂತ ಗಂಡಸಿನ ಲೆಕ್ಕ.

ಇಪ್ಪತ್ತು ದಿನದಲ್ಲಿ ನಲವತ್ತಾರು ಅರವತ್ತೊಂದಾಗಬೇಕಾದರೆ ಯಾರೋ ಬೇಕಂತಲೇ ಚುಚ್ಚಿರಬೇಕು, ಚುಚ್ಚುವವಳು ಅವಳೊಬ್ಬಳೇ. ಇದು ಇನ್ಸ್‌ಪೆಕ್ಟರ ಮೇಲಧಿಕಾರಿ, ದೊಡ್ಡ ಸಾಹೇಬರ ವಾದ. ನಾಲ್ಕು ಗಂಟೆಗೆ ಅವಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಅಪ್ಪಣೆಯಾಗಿತ್ತು. ಈಗ ಎರಡಕ್ಕೆ ಹತ್ತು ನಿಮಿಷ.

ಪೊಲೀಸ್ ಸೇರುವ ಮೊದಲು ಇನ್ಸ್‌ಪೆಕ್ಟರು ಜೀವರಸಾಯನಶಾಸ್ತ್ರ ಓದಿದ್ದರು. ಒಂದು ಕೆಂಪು ಕಣ ಸುಮಾರು ನೂರಿಪ್ಪತ್ತು ದಿನ ಬದುಕುತ್ತದೆ. ದೇಹ ದಿನಕ್ಕೆ ನೂರರಲ್ಲಿ ಒಂದು ಪಾಲಿನಷ್ಟು ಹೊಸದನ್ನು ಮಾಡುತ್ತದೆ. ಎಷ್ಟೇ ಮದ್ದು ಸುರಿದರೂ ಇಪ್ಪತ್ತು ದಿನದಲ್ಲಿ ಇಷ್ಟು ಏರಿಸುವ ಕಾರ್ಖಾನೆ ಮೂಳೆಯೊಳಗಿಲ್ಲ. ಇದನ್ನು ಬೆಳಗ್ಗೆ ದೊಡ್ಡ ಸಾಹೇಬರಿಗೆ ಹೇಳಿದ್ದರು. "ಪುಸ್ತಕದ ಮಾತು ನಿಮ್ಮ ಹತ್ರಾನೇ ಇರ್ಲಿ. ನನಗೆ ಮನುಷ್ಯ ಬೇಕು," ಎಂದಿದ್ದರು ಅವರು.

"ಕೆಳಗಣ್ಣಂದು ನಮ್ಮ ಕ್ಲಿನಿಕ್ಕಿನಲ್ಲೇ ಚೆಂದದ ಗ್ರಾಫು," ಡಾಕ್ಟರು ಮೊದಲ ಹಾಳೆಗಳ ಮೇಲೆ ಬೆರಳಾಡಿಸಿದರು. "ಮೂವತ್ತು ದಾಟಿದ ಮೇಲೆ ಗಂಡಸರಲ್ಲಿ ಈ ಹಾರ್ಮೋನು ವರ್ಷಕ್ಕೆ ನೂರಕ್ಕೆ ಒಂದರಂತೆ ಇಳೀತಾ ಹೋಗುತ್ತೆ ಇನ್ಸ್‌ಪೆಕ್ಟ್ರೇ. ಎಲ್ಲರಿಗೂ ಇಂಜೆಕ್ಷನ್ ಬೇಕಾಗಲ್ಲ. ಬರೋರಲ್ಲಿ ಅರ್ಧಕ್ಕರ್ಧ ಜನಕ್ಕೆ ಹೊಟ್ಟೆ ಇಳಿಸ್ರಪ್ಪಾ, ನೆಟ್ಟಗೆ ನಿದ್ದೆ ಮಾಡ್ರಪ್ಪಾ ಅಂತ ಹೇಳಿ ವಾಪಸ್ ಕಳಿಸ್ತೀನಿ. ಇವರಿಗೆ ನಿಜವಾಗ್ಲೂ ಬೇಕಿತ್ತು. ಎರಡು ಬೇರೆ ಬೇರೆ ದಿನ, ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೇಲಿ ರಕ್ತ ತೆಗೆಸಿದೆ. ಎರಡು ಸಲಾನೂ ಪಾತಾಳ."

"ಆಮೇಲೆ?"

"ಶುರು ಮಾಡಿದ ನಾಲ್ಕನೇ ತಿಂಗಳಿಗೆ ರಕ್ತ ಸ್ವಲ್ಪ ಗಟ್ಟಿ ಆಯ್ತು. ಐವತ್ಮೂರು. ಈ ಮದ್ದಿಗೆ ಅದೊಂದು ಚಾಳಿ, ಕೆಂಪು ಕಣ ಜಾಸ್ತಿ ಮಾಡಿಸುತ್ತೆ. ಕಡಿಮೆ ಆದ್ರೆ ಮನುಷ್ಯ ಸೊರಗ್ತಾನೆ, ಜಾಸ್ತಿ ಆದ್ರೆ ರಕ್ತ ಕೆಸರಾಗುತ್ತೆ. ಎರಡರ ಮಧ್ಯೆ ಹಿಡಿದು ನಿಲ್ಲಿಸ್ಬೇಕು. ಐವತ್ನಾಲ್ಕು ಮುಟ್ಟಿದ್ರೆ ನಿಲ್ಲಿಸಿಬಿಡ್ತೀನಿ ಅಂತ ಕೆಂಪು ಪೆನ್ನಲ್ಲಿ ಬರೆದು ಕೊಟ್ಟೆ. ಡೋಸ್ ಒಂಚೂರು ಇಳಿಸಿದೆ, ನೀರು ಕುಡೀರಿ ಅಂದೆ. ನೋಡಿ, ಮುಂದಿನ ನಾಲ್ಕು ಸಲಾನೂ ನಲವತ್ತೈದು, ನಲವತ್ತಾರು, ನಲವತ್ತೈದು, ನಲವತ್ತಾರು. ದಾರ ಕಟ್ಟಿ ಎಳೆದ ಹಾಗೆ."

"ಈಗ ಎರಡನೇ ಹಾಳೆ ಓದಿ. ಪಿಎಸ್ಎ ಅಂತ ಇದೆಯಲ್ಲ, ಅದನ್ನ."

ಡಾಕ್ಟರು ಓದತೊಡಗಿದರು. ಮೊದಲ ಮೂರು ವರದಿಗಳಲ್ಲಿ ಪಿಎಸ್ಎ ಅಳತೆಗೇ ಸಿಗದಷ್ಟು ಕಡಿಮೆ. ನಾಲ್ಕನೆಯದರಲ್ಲಿ ಸೊನ್ನೆ ಬಿಂದು ಎಂಟು. ಐದನೆಯದು ಒಂದು. ಆರನೆಯದು ಸೊನ್ನೆ ಬಿಂದು ಒಂಬತ್ತು. ಏಳನೆಯದಕ್ಕೆ ಬಂದಾಗ ಅವರ ದನಿ ನಿಂತಿತು.

"ಒಂಬತ್ತು ಬಿಂದು ಆರು," ಎಂದರು ಇನ್ಸ್‌ಪೆಕ್ಟರು. "ಪಿಎಸ್ಎ ತಯಾರಾಗೋದು ಎಲ್ಲಿ?"

"ಪ್ರಾಸ್ಟೇಟ್ ಗ್ರಂಥಿಯಲ್ಲಿ. ಅಲ್ಲಿ ಬಿಟ್ರೆ ಬೇರೆಲ್ಲೂ ಇಲ್ಲ ಅಂತಾನೇ ಇಟ್ಕೊಳ್ಳಿ."

ಇನ್ಸ್‌ಪೆಕ್ಟರು ಶವಪರೀಕ್ಷೆಯ ವರದಿಯನ್ನು ತೆಗೆದು ಒಂದು ಸಾಲಿನ ಕೆಳಗೆ ಉಗುರಿಟ್ಟರು. ಪ್ರಾಸ್ಟೇಟ್ ಗ್ರಂಥಿ ಇಲ್ಲ. ಹಿಂದೆಂದೋ ಶಸ್ತ್ರಚಿಕಿತ್ಸೆಯಿಂದ ತೆಗೆದುಹಾಕಿದ ಗುರುತು.



"ನನಗೆ ಹೇಳಲೇ ಇಲ್ಲ ಅವರು," ಡಾಕ್ಟರು ನೀರಿನ ಲೋಟಕ್ಕೆ ಕೈ ಚಾಚಿ, ಕುಡಿಯದೆ ಬಿಟ್ಟರು. "ಅರ್ಜಿಯಲ್ಲಿ ಪ್ರಶ್ನೆ ಇದೆ ಸ್ವಾಮಿ. ಪ್ರಾಸ್ಟೇಟಿನ ತೊಂದರೆ ಇದೆಯೇ ಅಂತ. ಇಲ್ಲ ಅಂತ ಬರೆದಿದಾರೆ."

"ಸುಳ್ಳೇನಲ್ಲ. ಗ್ರಂಥಿಯೇ ಇಲ್ಲದ ಮೇಲೆ ತೊಂದರೆ ಎಲ್ಲಿಂದ?"

ಸತ್ತವನ ಹೆಂಡತಿ ನಿನ್ನೆ ಸಂಜೆ ಅದನ್ನೇ ಹೇಳಿದ್ದಳು. ಎಂಟು ವರ್ಷದ ಹಿಂದೆ, ಬೇರೆ ಊರಿನಲ್ಲಿ, ಕ್ಯಾನ್ಸರಿನ ಆಪರೇಷನ್. ಯಾರಿಗೂ ಹೇಳಬೇಡ ಅಂದಿದ್ರು, ನಾನೂ ಹೇಳ್ಲಿಲ್ಲ, ಈಗ ಯಾರಿಗೆ ಹೇಳಿದ್ರೆ ಏನು.

"ಅಂದ್ರೆ ಮೊದಲ ಮೂರು ರಕ್ತ ಕೆಳಗಣ್ಣಂದು," ಎಂದರು ಇನ್ಸ್‌ಪೆಕ್ಟರು. "ಕೊನೆಯ ನಾಲ್ಕು ಅವನದಲ್ಲ. ಅವನ ನಿಜವಾದ ರಕ್ತ ಒಂದು ವರ್ಷದಿಂದ ಗಟ್ಟಿಯಾಗ್ತಾನೇ ಇತ್ತು. ಅದನ್ನ ಯಾರೂ ಅಳೆದಿಲ್ಲ."

ಡಾಕ್ಟರು ಏಳು ಹಾಳೆಗಳನ್ನೂ ಮತ್ತೆ ಮುಚ್ಚಿದರು. ಮೇಜಿನ ತುದಿಯಲ್ಲಿ, ಬಂದವರಿಗೆ ತುಂಬಲು ಕೊಡುವ ಹತ್ತು ಪ್ರಶ್ನೆಗಳ ಕಾರ್ಡು ಬಿದ್ದಿತ್ತು. ಊಟವಾದ ಕೂಡಲೇ ತೂಕಡಿಕೆ ಬರುತ್ತದೆಯೇ? ಮೊದಲು ಇಷ್ಟವಾಗುತ್ತಿದ್ದ ಸಂಗತಿಗಳಲ್ಲಿ ಆಸಕ್ತಿ ಕುಂದಿದೆಯೇ? ಇನ್ಸ್‌ಪೆಕ್ಟರು ಕಾಯುತ್ತ ಕೂತಿದ್ದಾಗ ಅದನ್ನು ತಲೆಕೆಳಗಾಗಿಯೇ ಓದಿ ಮುಗಿಸಿದ್ದರು. ಎಂಟಕ್ಕೆ ಹೌದು. ಉಳಿದೆರಡು ಅವರಿಗೆ ಅನ್ವಯಿಸುವ ಸಂದರ್ಭವೇ ಈಚೆಗೆ ಬಂದಿರಲಿಲ್ಲ.

"ನೀವೂ ಒಂದು ದಿನ ಬೆಳಿಗ್ಗೆ ಬನ್ನಿ," ಎಂದರು ಡಾಕ್ಟರು, ಕಾರ್ಡಿನ ಮೇಲಿದ್ದ ಅವರ ಕಣ್ಣು ನೋಡಿ. "ಐವತ್ತಾರಾ?"

"ಐವತ್ತೇಳು."

"ಖಾಲಿ ಹೊಟ್ಟೇಲಿ ಬನ್ನಿ."

*

ರಕ್ತ ತೆಗೆಯುವುದು ಪಕ್ಕದ ಬೀದಿಯ ಲ್ಯಾಬಿನಲ್ಲಿ. ಅಲ್ಲಿನ ಟೆಕ್ನಿಷಿಯನ್ ಬೆಳಗ್ಗೆಯೇ ಕೈಚೆಲ್ಲಿದ್ದ. "ನಾನು ಮುಖ ನೋಡಲ್ಲ ಸಾರ್, ನರ ನೋಡ್ತೀನಿ. ಹೆಸರು ಕೂಗ್ತೀನಿ, ಯಾರು ಕೈ ಚಾಚ್ತಾರೋ ಅವರಿಗೆ ಚುಚ್ತೀನಿ."

ಜೀಪಿನಲ್ಲಿ ಕೂತೊಡನೆ ಮೊಬೈಲು ಬಡಿದುಕೊಂಡಿತು. ಸಬ್‌ಇನ್ಸ್‌ಪೆಕ್ಟರ್ ಹುಡುಗಿ. ಬೆಳಗ್ಗೆ ಸಾಗಣೆ ಕಂಪನಿಯ ಗೋಡೌನಿಗೆ ಹೋಗಿ ಬಂದು, ಈಗ ಠಾಣೆಯಲ್ಲಿ ನರ್ಸಿನ ಕಾವಲಿಗಿದ್ದಳು.

"ಸರ್, ಆ ಗೋಡೌನಲ್ಲಿ ಹಾಜರಿ ಕೂಗೋದೇ ಒಂಥರಾ. ಆಳುಗಳೆಲ್ಲ ಜೋಡಿ ಜೋಡಿ. ಮೆಟ್ಟಿಲಲ್ಲಿ ಕೆಳಗಿನ ತುದಿ ಹಿಡಿಯೋನು ಒಬ್ಬ, ಮೇಲಿನ ತುದಿ ಹಿಡಿಯೋನು ಒಬ್ಬ. ಹಾಜರೀಲಿ ಕೆಳಗಿನವನ ಹೆಸರೊಂದೇ ಕೂಗ್ತಾರೆ. ಇಬ್ಬರಲ್ಲಿ ಯಾರು 'ಇದ್ದೀವಿ' ಅಂದ್ರೂ ಇಬ್ಬರಿಗೂ ಗುರುತು ಹಾಕ್ತಾರೆ."

"ಕೆಳಗಣ್ಣನ ಜೊತೆಯವನು?"

"ಮೇಲಣ್ಣ ಅಂತಾರೆ. ಮೆಟ್ಟಿಲ ಮೇಲೆ ಕೆಳಗಣ್ಣ ಬಿದ್ದಾಗ ಮೇಲಿನ ತುದಿ ಹಿಡಿದಿದ್ದೋನು. ಇಪ್ಪತ್ತೆಂಟು ವರ್ಷದಿಂದ ಕೆಳಗಣ್ಣನ ಹೆಸರು ಕೂಗಿದಾಗ ಓಗೊಡ್ತಿರೋನು ಅವನೇ ಅಂತೆ. ಇನ್ನೊಂದು ಸರ್, ಜೋಡೀಲಿ ಒಬ್ಬ ಕೈಲಾಗಲ್ಲ ಅಂತಾದ್ರೆ ಜೋಡಿ ಒಡೆದು ಇಬ್ಬರನ್ನೂ ಪ್ಯಾಕಿಂಗ್ ಶೆಡ್ಡಿಗೆ ಹಾಕ್ತಾರೆ."

ಇನ್ಸ್‌ಪೆಕ್ಟರು ಎಂಜಿನ್ ಶುರು ಮಾಡಿಸಿದರು. ತನ್ನದಲ್ಲದ ಹೆಸರಿಗೆ ಕೈ ಚಾಚುವುದು ಬೇರೆಯವರಿಗೆ ಮೋಸ ಅನ್ನಿಸಬಹುದು. ಇಪ್ಪತ್ತೆಂಟು ವರ್ಷ ಅದನ್ನೇ ಕೆಲಸವಾಗಿ ಮಾಡಿದವನಿಗೆ ಅನ್ನಿಸಬೇಕೆಂದಿಲ್ಲ.

"ನರ್ಸು ಹೇಗಿದಾಳಮ್ಮಾ?"

"ಅಳ್ತಾನೇ ಇದಾಳೆ. ನಾನಲ್ಲ, ನಾನಲ್ಲ, ಅದೊಂದೇ ಮಾತು. ಚಹಾ ಕೊಟ್ಟೆ, ಆರಿಹೋಯ್ತು."

"ಮೇಲಣ್ಣ ಒಪ್ಪಿ ಬರೆದುಕೊಟ್ರೆ ಅವಳ ಮೇಲಿನ ಲೆಕ್ಕ ನಿಲ್ಲಲ್ಲ. ನಾಲ್ಕರವರೆಗೆ ಕಾಗದ ತಡೀತಾ ಇರು."

"ದೊಡ್ಡ ಸಾಹೇಬ್ರು ಎರಡು ಸಲ ಇಣುಕಿ ಹೋದ್ರು ಸರ್. ಮೂರನೇ ಸಲ ಇಣುಕಿದ್ರೆ ನಾನೇನು ಬಾಗಿಲಿಗೆ ಅಡ್ಡ ಮಲಗ್ಲಾ?"

"ಮಲಗು."

*

ನಾಲ್ಕು ಮಹಡಿಯ ಹಳೆಯ ಕಟ್ಟಡ. ಲಿಫ್ಟ್ ಇಲ್ಲ. ಮೂರನೇ ಮಹಡಿಯ ತಿರುವಿನಲ್ಲಿ ಒಂದು ಮರದ ಬೀರು ಅರ್ಧ ಮೆಟ್ಟಿಲ ಮೇಲೆ, ಅರ್ಧ ಗಾಳಿಯಲ್ಲಿ ವಾಲಿ ನಿಂತಿತ್ತು. ಅದರ ಮೇಲಿನ ತುದಿಯನ್ನು ಭುಜಕ್ಕೆ ಒತ್ತಿ ಹಿಡಿದು ಒಬ್ಬ ಗಂಡಸು ನಿಂತಿದ್ದ. ಗಿಡ್ಡ, ಅಗಲ, ಬೋಳುತಲೆ, ಕೊರಳಿಗೆ ಒದ್ದೆ ಟವೆಲು.

"ಮೇಲಣ್ಣ ನೀವೇನಾ? ಪೊಲೀಸ್. ಮಾತಾಡ್ಬೇಕು."

"ಮಾತಾಡಿ ಸಾಹೇಬ್ರೇ. ಆದ್ರೆ ನನ್ನ ಕೈ ಖಾಲಿ ಇಲ್ಲ. ಜೊತೆಗೆ ಕೊಟ್ಟೋನು ಇಲ್ಲೀತನಕ ಬಂದು ಸೊಂಟ ಹಿಡ್ಕೊಂಡು ಕೂತ. ಆಮೇಲೆ ಎದ್ದು ಮನೆಗೇ ಹೋದ. ಇದನ್ನ ಬಿಟ್ರೆ ಕೆಳಗಿನ ಮನೆಯವರ ಬಾಗಿಲು ಒಡೆದು ಒಳಗೇ ಹೋಗುತ್ತೆ."

"ಎಷ್ಟೊತ್ತಿಂದ ಹೀಗೆ ನಿಂತಿದೀರಿ?"

"ಟೈಮ್ ನೋಡೋಕೂ ಕೈ ಬೇಕಲ್ಲ."

ಮೂರಕ್ಕೆ ಇಪ್ಪತ್ತು ನಿಮಿಷವಿತ್ತು. ಇನ್ಸ್‌ಪೆಕ್ಟರು ಟೋಪಿ ತೆಗೆದು ಕಿಟಕಿಯ ಮೇಲಿಟ್ಟರು. ಕೈಗಡಿಯಾರ ಬಿಚ್ಚಿ ಟೋಪಿಯೊಳಗೆ ಹಾಕಿದರು. ಬೀರಿನ ಕೆಳಗಿನ ತುದಿಗೆ ಬಂದು ಕೈ ಕೊಟ್ಟರು.

"ಅಲ್ಲಿ ಬೇಡ ಸಾಹೇಬ್ರೇ, ಭಾರ ಎಲ್ಲ ಆ ತುದಿಗೆ ಇಳಿಯುತ್ತೆ."

"ಮೇಲಿನ ಕೆಲಸ ನನಗೆ ಬರಲ್ಲ."

ಮೇಲಣ್ಣ ಅವರನ್ನು ಒಂದು ಕ್ಷಣ ಅಳೆದ. ಸಾಮಾನನ್ನು ಅಳೆಯುವ ಹಾಗೆ. "ಸರಿ. ಬೆನ್ನು ಬಗ್ಗಿಸ್ಬೇಡಿ, ಮಂಡಿ ಬಗ್ಗಿಸಿ. ಹಿಂದಕ್ಕೆ ಇಳೀಬೇಕು, ಹಿಂದೆ ತಿರುಗಿ ನೋಡ್ಬೇಡಿ. ನನ್ನ ಮುಖ ನೋಡಿ. ನಾನು ಎಣಿಸ್ತೀನಿ, ನೀವು ಕಾಲಿಡಿ. ಸುತ್ತಿಗೆ ಹನ್ನೊಂದು ಮೆಟ್ಟಿಲು."

ಭಾರ ಬಂತು. ಮೊದಲು ಅಂಗೈಗೆ, ಆಮೇಲೆ ಮೊಣಕೈಗೆ, ಆಮೇಲೆ ಎಲ್ಲಿಗೆ ಎಂದು ಹೇಳಲಾಗದ ಹಾಗೆ ಮೈಗೆಲ್ಲ.

"ಒಂದು," ಎಂದ ಮೇಲಣ್ಣ.

"ಕೆಳಗಣ್ಣನ ಹೆಸರಲ್ಲಿ ರಕ್ತ ಕೊಟ್ಟಿದ್ದು ನೀವು."

"ಎರಡು. ಯಾರು ಹೇಳಿದ್ದು?"

"ರಕ್ತಾನೇ ಹೇಳ್ತು. ಅವನ ಮೈಯಲ್ಲಿ ಇಲ್ಲದೇ ಇರೋ ಒಂದು ವಸ್ತು ಅದರಲ್ಲಿತ್ತು."

"ಮೂರು. ನಾಲ್ಕು. ನಿಧಾನ, ಐದನೇದು ಮುಕ್ಕಾಗಿದೆ. ಐದು."

"ಅವನ ರಕ್ತ ಗಟ್ಟಿಯಾಗಿದೆ ಅಂತ ನಿಮಗೆ ಗೊತ್ತಿತ್ತು. ನಿಮ್ಮ ರಕ್ತ ತೋರಿಸಿ ಅವನಿಗೆ ಮದ್ದು ಕೊಡಿಸ್ತಾ ಹೋದ್ರಿ. ಅದರಿಂದಾನೇ ಅವನು ಸತ್ತ. ಕಾನೂನಿನಲ್ಲಿ ಅದಕ್ಕೆ ಹೆಸರಿದೆ."

ಮೇಲಣ್ಣ ಆರು ಅನ್ನಲಿಲ್ಲ.

ಬೀರು ನಿಂತಿತು. ಇನ್ಸ್‌ಪೆಕ್ಟರ ಬಲಗಾಲು ಗಾಳಿಯಲ್ಲಿತ್ತು. ಕೆಳಗೆ ಮೆಟ್ಟಿಲು ಎಲ್ಲಿದೆಯೋ ಕಾಣದು. ಮೇಲಿನಿಂದ ಬೀರಿನ ಅಂಚಿನ ಮೇಲೆ ಬರೀ ಎರಡು ಕಣ್ಣು.

"ಎಣಿಸಿ," ಎಂದರು ಇನ್ಸ್‌ಪೆಕ್ಟರು.

"ಎಣಿಸ್ತೀನಿ. ಮೊದಲು ನೀವು ಹೇಳಿ. ನನಗೇನಾಗುತ್ತೆ?"

"ಗೊತ್ತಿಲ್ಲ."

"ಕೈ ಸಡಿಲ ಬಿಟ್ರೆ ನಿಮಗೇನಾಗುತ್ತೆ ಅಂತ ನನಗೆ ಗೊತ್ತು."

ಈಗ ಹೆದರಿಕೆ ಆಗಬೇಕು, ಎಂದುಕೊಂಡರು ಇನ್ಸ್‌ಪೆಕ್ಟರು. ಮೀನಖಂಡ ನಡುಗುತ್ತಿತ್ತು. ಅಂಗೈ ಬೆವರಿತ್ತು. ಕಿವಿಯೊಳಗೆ ನಾಡಿ ಬಡಿಯುತ್ತಿತ್ತು. ಹೆದರಿಕೆಯ ಎಲ್ಲ ಲಕ್ಷಣಗಳೂ ಸರಿಯಾಗಿ ಹಾಜರಿದ್ದವು, ಹೆದರಿಕೆಯೊಂದು ಬಂದಿರಲಿಲ್ಲ.

"ಠಾಣೇಲಿ ಒಬ್ಬ ನರ್ಸು ಕೂತಿದಾಳೆ," ಎಂದರು, ಅದೇ ದನಿಯಲ್ಲಿ. "ಇಪ್ಪತ್ತು ದಿನದಲ್ಲಿ ಅವಳೇ ಚುಚ್ಚಿ ಕೊಂದಳು ಅಂತ ನಾಲ್ಕು ಗಂಟೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸ್ತಾರೆ. ಆ ರಕ್ತ ಕೆಳಗಣ್ಣಂದಲ್ಲ ಅಂತ ನೀವು ಹೇಳಿದ್ರೆ ಅವಳು ಮನೆಗೆ ಹೋಗ್ತಾಳೆ. ಹೇಳದಿದ್ರೆ ಇಲ್ಲ. ನನ್ನ ಹತ್ರ ಇರೋದು ಇಷ್ಟೇ."

ಎಲ್ಲೋ ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗಿತು.

"ಆ ಸಣ್ಣಗಿರೋ ಅಮ್ಮಾನಾ?" ಎಂದ ಮೇಲಣ್ಣ. "ಸೂಜಿ ಹಾಕೋ ಮುಂಚೆ ಕಣ್ಣು ಮುಚ್ಕೊಳ್ಳಿ ಅಣ್ಣಾ ಅಂತಾಳಂತೆ. ಆನೆ ಥರ ಇರೋನಿಗೆ. ಹೇಳ್ಕೊಂಡು ನಗ್ತಿದ್ದ." ಒಂದು ಉಸಿರು ತೆಗೆದುಕೊಂಡ. "ಆರು."

ಇನ್ಸ್‌ಪೆಕ್ಟರ ಕಾಲು ಮೆಟ್ಟಿಲಿಗೆ ತಾಕಿತು.

ಮುಂದಿನ ಸುತ್ತಿನಲ್ಲಿ ಅವನು ಕೇಳದೆಯೇ ಹೇಳಿದ. ನಡುನಡುವೆ ಎಣಿಸುತ್ತ.

"ಮದ್ದಿಗೆ ಮುಂಚೆ ಅವನು ಹೇಗಿದ್ದ ಗೊತ್ತಾ ಸಾಹೇಬ್ರೇ? ಎರಡು. ಬೇಜಾರು ಅಂದ್ರೆ ಬೇಜಾರಲ್ಲ. ಕೋಪಾನೂ ಇಲ್ಲ. ಲಾರಿ ಹಿಂದೆ ಕೂತು ತನ್ನ ಬೂಟು ನೋಡ್ತಿದ್ದ. ಮೂರು. ನಾನು ಏನಾದ್ರೂ ಹೇಳಿದ್ರೆ ಹೂಂ ಅಂತಿದ್ದ. ಅವನ ಬೂಟಲ್ಲಿ ಅಂಥದ್ದೇನಿತ್ತೋ. ನಾಲ್ಕು."

ಇನ್ಸ್‌ಪೆಕ್ಟರು ಹೂಂ ಅಂದರು. ಅಂದದ್ದು ಅವರಿಗೇ ಕೇಳಿಸಿತು.

"ಮದ್ದು ಶುರುವಾಗಿ ಮೂರು ತಿಂಗಳಿಗೆ ನನ್ನ ಬೈದ. ಹಗ್ಗ ಸರಿಯಾಗಿ ಕಟ್ಟಿಲ್ಲ ಅಂತ. ಎಂಥಾ ಬೈಗುಳ ಅಂತೀರಿ, ನಮ್ಮಪ್ಪನ್ನೂ ಸೇರಿಸ್ಕೊಂಡು. ಅವತ್ತು ನನಗಾದ ಖುಷಿ ನನ್ನ ಮದುವೇಲೂ ಆಗಿರ್ಲಿಲ್ಲ. ಏಳು. ಅವನು ವಾಪಸ್ ಬಂದ ಅಂದ್ಕೊಂಡೆ. ಆಮೇಲೆ ಆ ಕೆಂಪು ಪೆನ್ನಿನ ಚೀಟಿ ತಂದು ತೋರಿಸ್ದ. ಮುಂದಿನ ಸಲ ಐವತ್ನಾಲ್ಕು ಬಂದ್ರೆ ನಿಲ್ಲಿಸಿಬಿಡ್ತಾರಂತೆ ಕಣೋ ಅಂದ."

"ಜಾಗ ಬದಲಾಯಿಸ್ಬಹುದಿತ್ತಲ್ಲ? ನೀವು ಕೆಳಗೆ, ಅವನು ಮೇಲೆ?"

"ಹೇಳಿದೆ. ನನ್ನ ಎತ್ತರ ನೋಡ್ಕೊ ಅಂದ. ಒಂಬತ್ತು. ರಕ್ತ ತೆಗೆಯೋನು ಹೆಸರು ಕೂಗ್ದ, ನಾನು ಕೈ ಕೊಟ್ಟೆ. ಅಷ್ಟೇ. ಅದೊಂದು ತಪ್ಪು ಅಂತ ನನಗೆ ಅವತ್ತು ಹೊಳೀಲೂ ಇಲ್ಲ. ಅವನ ಹೆಸರಿಗೆ ನಾನು ಓಗೊಡದ ದಿನಾನೇ ಇಲ್ವಲ್ಲ."

ನೆಲಮಹಡಿ ಬಂತು. ಬೀರನ್ನು ಇಳಿಸಿದರು. ಇನ್ಸ್‌ಪೆಕ್ಟರ ಬೆರಳುಗಳು ಮಡಿಚಿದ ಹಾಗೇ ನಿಂತಿದ್ದವು. ಒಂದೊಂದನ್ನೇ ಇನ್ನೊಂದು ಕೈಯಿಂದ ಬಿಡಿಸಿಕೊಂಡರು.

"ಕೊನೇ ದಿನ ನಾನು ಎಂಟು ಅಂದೆ," ಎಂದ ಮೇಲಣ್ಣ, ಟವೆಲಿನಿಂದ ಬೀರಿನ ಮೇಲಿನ ಧೂಳು ಒರೆಸುತ್ತ. "ಕಾಲಿಟ್ಟ. ಒಂಬತ್ತು ಅಂದೆ. ಇಡ್ಲಿಲ್ಲ. ಮತ್ತೆ ಒಂಬತ್ತು ಅಂದೆ."

ಒರೆಸಿದ ಜಾಗವನ್ನೇ ಇನ್ನೊಮ್ಮೆ ಒರೆಸಿದ.

ಇನ್ಸ್‌ಪೆಕ್ಟರು ಜೇಬಿನ ಪುಸ್ತಕದಲ್ಲಿ ಅವನ ಮಾತು ಬರೆದು ಸಹಿ ಹಾಕಿಸಿಕೊಂಡರು. ಅವನ ಸಹಿ ಚಿಕ್ಕದು, ಅಚ್ಚುಕಟ್ಟು. ಇನ್ನೊಂದು ಕೆಲಸ ಬಾಕಿಯಿತ್ತು. ಜೀಪಿನಲ್ಲಿ ಬರುವಾಗಿನಿಂದ ಅದನ್ನು ಹೇಗೆ ಹೇಳಬೇಕೆಂದು ಲೆಕ್ಕ ಹಾಕುತ್ತಿದ್ದರು. ಏಳನೇ ವರದಿಯ ಎರಡನೇ ಹಾಳೆಯನ್ನು ಬಿಡಿಸಿ ಬೀರಿನ ಮೇಲೆ ಹರಡಿದರು.

"ಇದನ್ನ ನಾನು ಪೊಲೀಸಾಗಿ ಹೇಳ್ತಿಲ್ಲ. ನೀವು ಬೇಗ ಒಬ್ಬ ಡಾಕ್ಟರನ್ನ ನೋಡ್ಬೇಕು. ಮೂರು ಸಲ ನಿಮ್ಮ ರಕ್ತದಲ್ಲಿ ಇದು ಒಂದರ ಆಸುಪಾಸಿತ್ತು. ಕೊನೇ ಸಲ ಒಂಬತ್ತು ಬಿಂದು ಆರು ಬಂದಿದೆ. ಬರೀ ಸೋಂಕಿದ್ರೂ ಹೀಗೆ ಏರುತ್ತೆ, ಗಾಬರಿ ಬೇಡ. ಆದ್ರೆ ಕೆಳಗಣ್ಣನಿಗೆ ಇದ್ದಂಥ ಕಾಯಿಲೆ ಆಗಿರೋ ಸಾಧ್ಯತೆನೂ ಇದೆ. ಈಗಲೇ ನೋಡಿಸಿದ್ರೆ..."

"ಕೊನೇ ಸಲ ಅಂದ್ರೆ ಯಾವತ್ತು?"

ಇನ್ಸ್‌ಪೆಕ್ಟರು ಹಾಳೆಯ ಮೇಲ್ತುದಿ ತೋರಿಸಿದರು. ತಾರೀಖು, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ.

ಮೇಲಣ್ಣ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. "ಇದು ನನ್ನದಲ್ಲ."

"ಮೂರು ಒಪ್ಕೊಂಡು ನಾಲ್ಕನೇದಕ್ಕೆ ಯಾಕೆ..."

"ಒಪ್ಕೊಳ್ಳೋಕೆ ನನಗೇನು ಕಷ್ಟ ಸಾಹೇಬ್ರೇ? ಮೂರೇ ಸಲ ಹೋಗಿದ್ದು. ಆ ವಾರ ನಾನು ಊರಲ್ಲೇ ಇರ್ಲಿಲ್ಲ. ಅವನಿಗೆ ಕಾಲು ಬಾತಿತ್ತು, ಎಡಗಾಲು, ಬೂಟೇ ಹಾಕೋಕಾಗ್ತಿರ್ಲಿಲ್ಲ. ಮನೇಲುಳಿದ. ನನ್ನನ್ನ ಬೇರೆಯವನ ಜೊತೆ ಹಾಕಿ ದೂರದ ಲೋಡಿಗೆ ಕಳಿಸಿದ್ರು."

ಹೊರಗೆ ನಿಂತಿದ್ದ ಲಾರಿಗೆ ಹೋಗಿ ಡೆಲಿವರಿ ರಸೀದಿಗಳ ಕಟ್ಟು ತಂದ. ಉಗುಳು ಹಚ್ಚಿ ಒಂದೊಂದೇ ತಿರುಗಿಸಿ, ಒಂದನ್ನು ಎಳೆದ. ಅದೇ ತಾರೀಖು. ಒಂದು ಪಿಯಾನೋ, ಎರಡು ಮಂಚ, ಒಂದು ಊಟದ ಮೇಜು. ಪಡೆದವರ ಸಹಿ, ಎಂಟೂಕಾಲು. ನಾನೂರು ಕಿಲೋಮೀಟರ್ ಆಚೆ. ಕೆಳಗೆ ಸಾಗಿಸಿದವರ ಜಾಗದಲ್ಲಿ ಆ ಚಿಕ್ಕ ಅಚ್ಚುಕಟ್ಟು ಸಹಿ.

ಇನ್ಸ್‌ಪೆಕ್ಟರು ರಸೀದಿಯನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟರು. ಸೊನ್ನೆ ಬಿಂದು ಎಂಟು, ಒಂದು, ಸೊನ್ನೆ ಬಿಂದು ಒಂಬತ್ತು. ಆಮೇಲೆ ಒಂಬತ್ತು ಬಿಂದು ಆರು. ನಾಲ್ಕು ಚುಕ್ಕೆ ಕಂಡ ಕೂಡಲೇ ಅವರು ಅವುಗಳನ್ನು ಸೇರಿಸಿ ಒಂದು ಗೆರೆ ಎಳೆದಿದ್ದರು, ಆ ಗೆರೆಯನ್ನು ಒಬ್ಬ ಮನುಷ್ಯನ ಕಾಯಿಲೆ ಎಂದು ಓದಿದ್ದರು. ಕಾಲೇಜಿನಲ್ಲಿ ಮೊದಲ ವರ್ಷದವರು ಮಾಡುವ ತಪ್ಪು. ಮೂರು ಚುಕ್ಕೆ ಒಬ್ಬನದು. ನಾಲ್ಕನೆಯದು ಗೆರೆಯ ಮೇಲಿರಲೇ ಇಲ್ಲ.

"ವಾಪಸ್ ಬಂದ ಮೇಲೆ ಕೇಳ್ದೆ," ಎಂದ ಮೇಲಣ್ಣ. "ರಕ್ತದ ದಿನ ತಪ್ಪಿಹೋಯ್ತಲ್ಲೋ ಅಂತ. ಇಲ್ಲ, ಆಯ್ತು ಅಂದ. ಯಾರು ಹೋಗಿದ್ರೋ ಅಂದೆ. ಇದಾರೆ ಒಬ್ಬರು ಪಾಪ, ತಾವಾಗೇ ಬಂದ್ರು ಅಂದ."

"ಒಬ್ಬರು ಅಂದನಾ, ಒಬ್ಬ ಅಂದನಾ?"

"ಒಬ್ಬರು. ಅವನು ನನ್ನಂಥವರಿಗೆಲ್ಲ ಮರ್ಯಾದೆ ಕೊಡೋನಲ್ಲ."

ಕಾಲು ಬಾತಿದೆ, ರಕ್ತ ಗಟ್ಟಿಯಾಗಿದೆ ಎಂದು ತಿಳಿದ ಇನ್ನೊಬ್ಬರು. ಆ ಕುರ್ಚಿಯಲ್ಲಿ ಕೂತು, ಕೆಳಗಣ್ಣನ ಹೆಸರು ಕೂಗಿದಾಗ ಕೈ ಚಾಚಿದವರು.

ಇನ್ಸ್‌ಪೆಕ್ಟರು ಮೊಬೈಲಿನಲ್ಲಿ ಎರಡನೇ ಹಾಳೆಯ ಫೋಟೋ ತೆಗೆದು ಠಾಣೆಗೆ ಕಳಿಸಿದರು. ಆಮೇಲೆ ಫೋನ್ ಮಾಡಿದರು.

"ಮೇಲಣ್ಣ ಒಪ್ಪಿದಾನಮ್ಮಾ. ಸಹಿ ಆಗಿದೆ, ಹೊರಟೆ. ಅವಳನ್ನ ಹೊರಡಿಸ್ಬೇಡಿ ಅಂತ ದೊಡ್ಡ ಸಾಹೇಬ್ರಿಗೆ ಹೇಳು. ಈಗ ಕಳಿಸಿದ ಹಾಳೇನ ನರ್ಸಿಗೆ ತೋರಿಸು. ಕ್ಲಿನಿಕ್ಕಿಗೆ ಬರೋ ಗಂಡಸರಲ್ಲಿ ಯಾರ ಕಡತದಲ್ಲಾದ್ರೂ ಈ ಸಂಖ್ಯೆ ನೋಡಿದ ನೆನಪಿದೆಯಾ ಕೇಳು. ಇನ್ನು ಹೆದರಬೇಡ, ಸಂಜೆ ಮನೆಗೆ ಹೋಗ್ತೀಯ ಅಂತಾನೂ ಹೇಳು."

"ಅಬ್ಬ. ಸರಿ ಸರ್."

ಮೂರು ಇಪ್ಪತ್ತೆರಡು. ಮೇಲಣ್ಣ ಬೀರಿನ ಮೇಲೇರಿ ಕೂತು ತನ್ನ ಬೂಟು ನೋಡುತ್ತಿದ್ದ. ಮೇಲಿನ ಕಿಟಕಿಯಲ್ಲಿದ್ದ ಟೋಪಿ ತರಲು ಇನ್ಸ್‌ಪೆಕ್ಟರು ಮೂರು ಮಹಡಿ ಹತ್ತಿದರು, ಇಳಿದರು.

ಜೀಪಿನ ಬಾಗಿಲು ತೆಗೆಯುವಾಗ ಮೊಬೈಲು ಬಡಿದುಕೊಂಡಿತು.

"ಸರ್." ಸಬ್‌ಇನ್ಸ್‌ಪೆಕ್ಟರ್ ಹುಡುಗಿಯ ದನಿ ತಗ್ಗಿತ್ತು. "ಅವಳು ಒಪ್ಕೊಂಡ್ಳು."

"ಏನನ್ನ?"

"ಎಲ್ಲಾನೂ. ಆರು ಸೀಸೆ ನಾನೇ ತೆಗೆದೆ, ನಾನೇ ಚುಚ್ಚಿದೆ, ಸಾಯ್ಲಿ ಅಂತಾನೇ ಚುಚ್ಚಿದೆ. ಬರೆದು ಸಹಿ ಹಾಕಿದಾಳೆ. ದೊಡ್ಡ ಸಾಹೇಬ್ರು ಕಾಗದ ತಗೊಂಡು ಕೋರ್ಟಿಗೆ ಹೊರಟೇಬಿಟ್ರು."

"ಮನೆಗೆ ಹೋಗ್ತೀಯ ಅಂತ ಹೇಳ್ದೆಯಾ?"

"ಹೇಳ್ದೆ ಸರ್. ಅತ್ತು ಅತ್ತು ನಕ್ಕಳು ಕೂಡ. ಆಮೇಲೆ ಹಾಳೆ ತೋರಿಸ್ದೆ. ನೋಡಿದ್ಳು. ತಾರೀಖು ನೋಡಿದ್ಳು, ಆ ಸಂಖ್ಯೆ ನೋಡಿದ್ಳು, ಗುರುತಿನವರ ಮುಖ ಕಂಡ ಹಾಗೆ. ಅಳು ಅಲ್ಲಿಗೇ ನಿಂತ್ಹೋಯ್ತು ಸರ್, ನಲ್ಲಿ ತಿರುಗಿಸಿದ ಹಾಗೆ. ಒಂದೇ ಒಂದು ಪ್ರಶ್ನೆ ಕೇಳಿದ್ಳು."

"ಏನಂತ?"

"ಈ ರಕ್ತ ಯಾರದು ಅಂತ ನಿಮ್ಮ ಸಾಹೇಬ್ರಿಗೆ ಗೊತ್ತಾಗಿದೆಯಾ ಅಂತ. ಇನ್ನೂ ಇಲ್ಲ ಅಂದೆ."

"ಆಮೇಲೆ?"

"ಪೆನ್ನು ಕೊಡಿ ಅಂದ್ಳು."